ಕೆಂಪು ಕಾರ್ಡಿನ ಕುಕ್ಕರು

ಮೈಲಪ್ಪನ ಮನೆಯಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಲೋಕದಲ್ಲಿ ಇದಕ್ಕಿಂತ ದೊಡ್ಡ ದುಃಖಗಳಿವೆ, ಒಪ್ಪಿಕೊಳ್ಳೋಣ. ಆದರೆ ಆ ದೊಡ್ಡ ದುಃಖಗಳನ್ನು ಯಾರೂ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬೆಳಗಿನ ಆರು ಗಂಟೆಯ ಬಸ್ಸು ಹತ್ತುವುದಿಲ್ಲ. ಮೈಲಪ್ಪ ಹತ್ತುತ್ತಿದ್ದ. ದಾವಣಗೆರೆಯಿಂದ ಹರಿಹರದ ಕಾರ್ಖಾನೆಗೆ ಹೋಗುವಾಗ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತರೆ, ದಾರಿಯ ಬಾತಿ ಊರು ದಾಟುವಾಗ ಬಸ್ಸು ಒಂದು ತಗ್ಗಿಗೆ ಹಾರಿ ಇಳಿಯುತ್ತಿತ್ತು, ಆಗ ಡಬ್ಬಿಯೊಳಗೆ ಬೇಳೆ ಗಿಲಿಗಿಲಿ ಎನ್ನುತ್ತಿತ್ತಂತೆ. (ಸಾರಿನಲ್ಲಿ ಮುಳುಗಿದ ಬೇಳೆ ಗಿಲಿಗಿಲಿ ಎನ್ನುವುದು ಹೇಗೆ ಎಂದು ಕೇಳಬಾರದು. ಅದು ಮೈಲಪ್ಪನ ಮಾತು. ಒಂದನ್ನು ಒಂದೂಕಾಲು ಮಾಡದೆ ಅವನು ಬಾಯಿ ಬಿಟ್ಟವನಲ್ಲ.)

ತಪ್ಪು ಯಾರದು? ಹೆಂಡತಿಯದು ಎಂದು ಮೈಲಪ್ಪ. ನೀರಿನದು ಎಂದು ಹೆಂಡತಿ ಹಾಲಮ್ಮ. ಅವಳು ಹರಿಹರದವಳು, ಹೊಳೆ ದಂಡೆಯ ಮೇಲೆ ಬೆಳೆದವಳು. ತುಂಗಭದ್ರೆಯ ನೀರಿನಲ್ಲಿ ಬೇಳೆ ಹಾಕಿ, ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ಬರುವಷ್ಟರಲ್ಲಿ ಬೇಳೆ ಬೆಣ್ಣೆಯಾಗಿರುತ್ತಿತ್ತು ಎಂದು ಅವಳು ಹೇಳುತ್ತಿದ್ದಳು. ಗಂಡನ ಓಣಿಯಲ್ಲಿದ್ದುದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪು ನೊರೆ ಬಿಡದು, ಬೇಳೆ ಮೈ ಬಿಡದು. ನಾಲ್ಕು ಗಂಟೆಗೆ ಎದ್ದು ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತರೂ ಆರು ಗಂಟೆಯ ಬಸ್ಸಿಗೆ ಸಿಗುತ್ತಿದ್ದುದು ಬಿಸಿಯಾದ ಬೇಳೆಯೇ ಹೊರತು ಬೆಂದ ಬೇಳೆಯಲ್ಲ.

ಹೀಗಿರುವಾಗ ಮೈಲಪ್ಪನ ನೌಕರಿ ಖಾಯಂ ಆಯಿತು. ವಯಸ್ಸು ಇಪ್ಪತ್ತನಾಲ್ಕು, ಲೇಥ್ ಮಷೀನಿನ ಮೇಲೆ ಕೆಲಸ, ಎದೆ ಮೇಲೆ ನಂಬರಿನ ಬಿಲ್ಲೆ. ಓಣಿಗೆಲ್ಲ ಪೇಡೆ ಹಂಚಿದ. ಪೇಡೆಯ ಸಿಹಿ ಇನ್ನೂ ನಾಲಿಗೆಯ ಮೇಲಿರುವಾಗಲೇ, ಎಂ.ಸಿ.ಸಿ. ಬಡಾವಣೆಯಲ್ಲಿ ವಾಮದೇವಪ್ಪ ಎಂಬ ವರ್ತಕರು ಹೊಸ ಸ್ಟೋರ್ಸ್ ತೆರೆದು ಖಾಯಂ ನೌಕರಿಯವರಿಗೆ ಮಾತ್ರ ಒಂದು ಕಾರ್ಡು ಕೊಡುತ್ತಿದ್ದಾರೆ ಎಂಬ ಸುದ್ದಿ ಕಾರ್ಖಾನೆಗೆ ಬಂತು.

ಹಾಗೆಂದು ಊರಲ್ಲಿ ಉದ್ದರಿ ಹೊಸದೇನಲ್ಲ. ಓಣಿಯ ಮೂಲೆಯಲ್ಲೇ ಕಾಳವ್ವನ ಕಿರಾಣಿ ಅಂಗಡಿ ಇತ್ತು. ಅಲ್ಲಿ ಉದ್ದರಿಯೂ ಇತ್ತು, ಅದರ ಮೇಲೆ ಕೊಸರೂ ಇತ್ತು. ಅರ್ಧ ಕಿಲೋ ಬೆಲ್ಲಕ್ಕೆ ಒಂದು ಚೂರು ಬೆಲ್ಲ, ಪಾವು ಶೇಂಗಾಕ್ಕೆ ಒಂದು ಹಿಡಿ ಶೇಂಗಾ, ಏನೂ ಇಲ್ಲದಿದ್ದರೆ ಒಂದು ಎಳೆ ಕೊತ್ತಂಬರಿ. ಕೊಸರು ಬೀಳದೆ ಆ ಓಣಿಯಲ್ಲಿ ಯಾರೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಆದರೆ ವಾಮದೇವಪ್ಪನವರದು ನಾಗರಿಕ ಪದ್ಧತಿ. ಗಾಜಿನ ಕಪಾಟು, ತಲೆಯ ಮೇಲೆ ಫ್ಯಾನು, ಚೌಕಾಸಿ ಇಲ್ಲ, ಕೊಸರಿಲ್ಲ. ತಿಂಗಳಿಡೀ ಸಾಮಾನು ಒಯ್ಯಬಹುದು, ಸಂಬಳವಾದ ಮೇಲೆ ಹತ್ತನೇ ತಾರೀಕಿನೊಳಗೆ ಕಟ್ಟಬೇಕು. ಕಟ್ಟಿದ ಪ್ರತಿ ಹತ್ತು ರೂಪಾಯಿಗೆ, ಬಸ್ಸಿನ ಕಂಡಕ್ಟರು ಟಿಕೀಟು ತೂತು ಮಾಡುವ ಹಾಗೆ, ಕಾರ್ಡಿನಲ್ಲಿ ಒಂದು ತೂತು. ಕಾರ್ಡು ಪೂರ್ತಿ ಜರಡಿಯಾದ ದಿನ ಒಂದು ವಸ್ತು ಉಚಿತ. ತಾರೀಕು ತಪ್ಪಿದರೆ ಅಲ್ಲಿಯವರೆಗಿನ ತೂತುಗಳೆಲ್ಲ ರದ್ದು.

ಕಾರ್ಡುಗಳು ಮೂರು ಬಣ್ಣದವು. ಹಸಿರು ಕಾರ್ಡಿಗೆ ಗೋಡೆ ಗಡಿಯಾರ, ಹಳದಿಗೆ ಟ್ರಾನ್ಸಿಸ್ಟರು, ಕೆಂಪಿಗೆ ಪ್ರೆಶರ್ ಕುಕ್ಕರು. ಮನೆಗೆ ಒಂದೇ ಕಾರ್ಡು. ಒಮ್ಮೆ ಆರಿಸಿದರೆ, ಮದುವೆಯ ಹಾಗೆ, ಬದಲಾವಣೆ ಇಲ್ಲ.

ಮೈಲಪ್ಪ ಇಷ್ಟನ್ನೂ ಹೇಳಿ ಮುಗಿಸುವ ಮೊದಲೇ ಹಾಲಮ್ಮ ಆರಿಸಿಬಿಟ್ಟಳು. ಕೆಂಪು.

ಇಲ್ಲಿ ಮೈಲಪ್ಪನಿಗೆ ಸ್ವಲ್ಪ ಬೇಜಾರಾಯಿತು. ಬೇಳೆಯ ಮೇಲೆ ಅವನಿಗೂ ಸಿಟ್ಟಿತ್ತು, ನಿಜ. ಆದರೆ ಆರಿಸುವ ಅಧಿಕಾರ ಜೀವನದಲ್ಲಿ ಮೊದಲ ಸಲ ಅವನ ಕೈಗೆ ಬಂದಿತ್ತು. ಹೆಂಡತಿಯನ್ನು ಸೋದರಮಾವ ಆರಿಸಿದ್ದ. ಕಲಿಯುವ ಕಸುಬನ್ನು ಐ.ಟಿ.ಐ.ಯ ಮೇಷ್ಟರು ಆರಿಸಿದ್ದರು. ತಲೆಗೂದಲು ಎಷ್ಟಿರಬೇಕೆಂಬುದನ್ನು ಕ್ಷೌರದವನು ಆರಿಸುತ್ತಿದ್ದ. ಈಗ ಮೂರು ಬಣ್ಣ ಎದುರಿಗಿವೆ, ಅದನ್ನೂ ಹೆಂಡತಿ ರೆಪ್ಪೆ ಬಡಿಯುವುದರಲ್ಲಿ ಮುಗಿಸಿಬಿಟ್ಟರೆ ಖಾಯಂ ನೌಕರನಾಗಿ ಏನು ಬಂತು? ಆದ್ದರಿಂದ ವಿಷಯವನ್ನು ಕೂಲಂಕಷ ಪರಿಶೀಲನೆಗೆ ಒಪ್ಪಿಸಲಾಗಿದೆ ಎಂದು ಅವನು ಊಟದ ಮಣೆಯ ಮೇಲಿಂದ ಘೋಷಿಸಿದ.

ಪರಿಶೀಲನೆ ಒಂದು ತಿಂಗಳು ನಡೆಯಿತು. ಫೋರ್‌ಮನ್ನರು ಗಡಿಯಾರ ಎಂದರು. ಬಸ್ಸಿನ ಕಂಡಕ್ಟರು ಟ್ರಾನ್ಸಿಸ್ಟರು ಎಂದ. ಪಕ್ಕದ ಲೇಥಿನ ಕೆಂಚಣ್ಣ, ಕಾರ್ಡೇ ಬ್ಯಾಡ, ತೂತು ಬಿದ್ದದ್ದು ಯಾವುದೂ ಮನೆಗೆ ಒಳ್ಳೇದಲ್ಲ ಎಂದ. ಮೈಲಪ್ಪ ಪ್ರತಿ ಸಂಜೆ ಹೊಸ ಅಭಿಪ್ರಾಯ ಹೊತ್ತು ಬರುತ್ತಿದ್ದ, ಹಾಲಮ್ಮ ಅದನ್ನು ಬೇಳೆಯೊಳಗಿನ ಕಲ್ಲಿನ ಹಾಗೆ ಆರಿಸಿ ಎಸೆಯುತ್ತಿದ್ದಳು.

"ಗಡಿಯಾರ ಆದ್ರೆ ಹೆಂಗೆ ಅಂತ," ಎಂದ ಒಂದು ಸಂಜೆ.

"ತಗಳ್ರಿ. ಬ್ಯಾಳೆ ಎಷ್ಟೊತ್ತಾದ್ರೂ ಬೇಯಲಿಲ್ಲ ಅಂತ ಗಂಟೆ ಸಮೇತ ಹೇಳಾಕೆ ಬರುತ್ತೆ."

"ಹೋಗ್ಲಿ, ಟ್ರಾನ್ಸಿಸ್ಟರು? ನಿನಗೂ ಹೊತ್ತು ಹೋಗುತ್ತೆ."

"ನನಗೇನು ಹೊತ್ತು ಹೋಗ್ತಿಲ್ಲ ಅಂದ್ನಾ? ನಾಕು ಗಂಟೆಗೆ ಎದ್ದು ಸ್ಟೋವ್ ಮುಂದೆ ಕುಕ್ಕರಗಾಲಾಗೆ ಕುಂತ್ರೆ ತಾನೇ ಹೋಗುತ್ತೆ. ನಿಮ್ಮ ಟ್ರಾನ್ಸಿಸ್ಟರು ಹಾಡು ಹೇಳಿದ್ರೆ ಬ್ಯಾಳೆ ಕರಗುತ್ತೇನ್ರಿ?"

"ಎಲ್ಲಾದಕ್ಕೂ ಬ್ಯಾಳೆ ತರಬ್ಯಾಡ ನೀನು."

"ನಾನೆಲ್ಲಿ ತರ್ತೀನಿ? ದಿನಾ ಡಬ್ಯಾಗೆ ವಾಪಸ್ ತರೋರು ನೀವು."

ತೀರ್ಮಾನ ಕೊನೆಗೆ ಕಾರ್ಖಾನೆಯ ಊಟದ ಮನೆಯಲ್ಲಾಯಿತು. ಒಂದು ಮಧ್ಯಾಹ್ನ ಕೆಂಚಣ್ಣ ಮೈಲಪ್ಪನ ಡಬ್ಬಿಗೆ ಕೈ ಹಾಕಿ ನಾಲ್ಕು ಬೇಳೆ ಬಾಯಿಗೆಸೆದುಕೊಂಡು ಕಟುಕಟು ಅಗಿದು, ಹುರಿಗಡಲೆ ಚೆನ್ನಾಗಿದೆ, ಉಪ್ಪು ಖಾರ ಹಚ್ಚಿದವರು ಯಾರು ಎಂದು ಕೇಳಿದ. ಇಡೀ ಬೆಂಚು ನಕ್ಕಿತು. ಮೈಲಪ್ಪ ಅಂದೇ ಸಂಜೆ ಹರಿಹರದಿಂದ ನೇರ ವಾಮದೇವಪ್ಪನವರ ಸ್ಟೋರ್ಸಿಗೆ ಹೋಗಿ ಕೆಂಪು ಕಾರ್ಡು ತಂದು, ಬಹಳ ವಿಚಾರ ಮಾಡಿದ ಮೇಲೆ ತನಗೆ ಕುಕ್ಕರೇ ಶ್ರೇಷ್ಠವೆಂದು ಹೊಳೆಯಿತು ಎಂದು ಹೆಂಡತಿಗೆ ತಿಳಿಸಿದ.

"ಹೌದೇನ್ರಿ," ಎಂದಳು ಹಾಲಮ್ಮ. "ನನಗೆ ಹೊಳೆದೇ ಇರಲಿಲ್ಲ ನೋಡ್ರಿ."

ಕಾರ್ಡು ಬಂತು. ತೂತು ಬರಬೇಕಲ್ಲ? ಗಂಡ ಹೆಂಡತಿ ಇಬ್ಬರ ಸಂಸಾರ. ಎಷ್ಟು ತಿಂದಾರು? ಮೊದಲ ತಿಂಗಳ ತೂತುಗಳನ್ನು ಕಾರ್ಡಿನ ಮೇಲೆ ನೋಡಿದರೆ ಇರುವೆ ಕಚ್ಚಿದ ಹಾಗಿತ್ತು. ಈ ಲೆಕ್ಕದಲ್ಲಿ ಕುಕ್ಕರು ಬರುವಷ್ಟರಲ್ಲಿ ಹುಟ್ಟಲಿರುವ ಮಕ್ಕಳಿಗೆ ಹಲ್ಲು ಬಂದು, ಬೇಳೆಯನ್ನು ಹಾಗೆಯೇ ಕಡಿಯುವಂತಾಗುತ್ತಿತ್ತು. ಎರಡನೇ ತಿಂಗಳು ಮೈಲಪ್ಪ ತೂತಿನ ಆಸೆಗೆ ಸೋಪು ತಂದ, ಮತ್ತೆ ಸೋಪು ತಂದ, ಊದಿನಕಡ್ಡಿ, ಬೆಂಕಿಪೊಟ್ಟಣ, ಒಂದು ಬಕೀಟು ತಂದ. ನೊರೆ ಬಿಡದ ನೀರಿನ ಮನೆಯಲ್ಲಿ ಸೋಪಿನ ಗೋಡೆ ಎದ್ದಿತು. ಮೂರನೇ ತಿಂಗಳು, ಮನೆಗೆ ಇನ್ನೊಂದು ಸೋಪು ಬಂದರೆ ತಾನು ತವರಿಗೆ ಹೋಗಿ ಹೊಳೆಯಲ್ಲಿ ಮೀಯುತ್ತೇನೆ ಎಂದು ಹಾಲಮ್ಮ ಹೇಳಿದಳು.

ಆಗ ಮೈಲಪ್ಪನ ತಲೆಯಲ್ಲಿ ಮಿಂಚಿತು. ಓಣಿಯಲ್ಲಿ ಕಾರ್ಡಿಗೆ ಯೋಗ್ಯನಾದ ಖಾಯಂ ನೌಕರ ಅವನೊಬ್ಬನೇ, ಆದರೆ ತಿನ್ನುವ ಬಾಯಿಗಳು ಬೇಕಾದಷ್ಟಿದ್ದವು. ಎಲ್ಲರೂ ತಮ್ಮ ತಮ್ಮ ಕಿರಾಣಿಯನ್ನು ಅವನ ಕಾರ್ಡಿನ ಮೇಲೆ ತಂದುಕೊಂಡು, ತಿಂಗಳ ಕೊನೆಗೆ ದುಡ್ಡು ಅವನ ಕೈಗೆ ಕೊಟ್ಟರೆ, ತೂತು ತಾನೇ ಬೀಳುತ್ತದೆ. ಸಂಜೆ ಓಬವ್ವನ ಜಗಲಿಯ ಮೇಲೆ ಓಣಿ ಸೇರುವ ಹೊತ್ತಿಗೆ ಹೋಗಿ, ಚುನಾವಣೆಗೆ ನಿಂತವನ ಹಾಗೆ ನಿಂತು, ವಿಷಯ ಮಂಡಿಸಿದ.

ಮಂಡಕ್ಕಿ ಭಟ್ಟಿಯ ಬಡೇಸಾಬರು ತಕ್ಷಣ ಒಪ್ಪಿದರು. ಭಟ್ಟಿಯವರ ಚಹಾಕ್ಕೇ ತಿಂಗಳಿಗೆ ಸಕ್ಕರೆ ಎಷ್ಟು ಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಟೈಲರ ಮನೆಯವರು ಒಪ್ಪಿದರು, ಕೋಳಿ ಸಾಕಿದ ಮನೆಯವರು ಒಪ್ಪಿದರು, ಮಿಲ್ಲಿನ ಕಾವಲುಗಾರನೂ ಅವನ ಎದುರುಮನೆಯವರೂ ಒಪ್ಪಿದರು. ಓಬವ್ವ ಮಾತ್ರ ಒಪ್ಪಲಿಲ್ಲ. ಅವಳಿಗೆ ಬಾಯಲ್ಲಿ ಹಲ್ಲಿರಲಿಲ್ಲ, ಆದರೆ ಮಾತಿಗೆ ಇದ್ದವು.

"ಕೊಸರು ಏನು ಕೊಡ್ತಾನೋ ಮಗಾ ಆ ಸಾವ್ಕಾರ?"

ಅಲ್ಲಿ ಕೊಸರಿಲ್ಲ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೊಡುಗೈ ಎನ್ನುತ್ತಾರಲ್ಲ, ಮೈಲಪ್ಪನದು ಕೊಡುಬಾಯಿ.

"ಚೂರು ಬೆಲ್ಲದ ಕೊಸರು ಯಾಕ ಓಬವ್ವ? ಕುಕ್ಕರ್ರೇ ಕೊಸರು ಅನ್ಕ. ನಮ್ಮ ಮನ್ಯಾಗೆ ಇದ್ರೂ ಅದು ನಿಮ್ಮದೇ. ನಿಮ್ಮೆಲ್ಲಾರದು."

ಇಂಥ ಮಾತನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುತ್ತೇವೆ. ಚಪ್ಪಲಿ ಮೆಟ್ಟಿ ಹೊರಟವರಿಗೆ ಉಂಡು ಹೋಗ್ರಿ ಎನ್ನುತ್ತೇವೆ. ಹೊಸ ಸೈಕಲ್ಲನ್ನು ಹೊಗಳಿದವರಿಗೆ ನಿಮ್ಮದೇ ಅಲ್ವೇನ್ರಿ ಎನ್ನುತ್ತೇವೆ. ಅವರು ಇರಲಿ ಬಿಡ್ರಿ ಎನ್ನುತ್ತಾರೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಅನ್ನವೂ ಸೈಕಲ್ಲೂ ಇದ್ದಲ್ಲೇ ಇರುತ್ತವೆ. ಅಂದು ಜಗಲಿಯ ಮೇಲೆ ಮಾತ್ರ ಇರಲಿ ಬಿಡು ಎಂದು ಯಾರೂ ಹೇಳಲಿಲ್ಲ. ಓಬವ್ವ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ, ಎಲ್ಲರಿಗೂ ಕೇಳಿಸಿತಲ್ಲ ಎಂದು ಖಾತ್ರಿ ಮಾಡಿಕೊಂಡು, ಹಂಗಾದ್ರೆ ಸರಿ ಎಂದಳು.

ಮರುದಿನದಿಂದ ಓಣಿಯ ಚೀಲಗಳೆಲ್ಲ ಕಾಳವ್ವನ ಅಂಗಡಿಯ ಮುಂದೆ ಹಾದು ಎಂ.ಸಿ.ಸಿ. ಬಡಾವಣೆಗೆ ನಡೆದವು. ಕಾಳವ್ವ ತಕ್ಕಡಿಯ ಮೇಲಿನ ನೊಣ ಓಡಿಸುತ್ತ ಕೂತಿದ್ದಳು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಕಾರ್ಡು ತುಂಬಿದ ಮೇಲೆ ಎಲ್ಲರೂ ನಿನ್ನ ಹತ್ತಿರವೇ ಬರುತ್ತಾರೆ ಎಂದು ಮೈಲಪ್ಪ ಒಮ್ಮೆ ದೂರದಿಂದಲೇ ಹೇಳಿ, ವೇಗವಾಗಿ ನಡೆದುಬಿಟ್ಟ.

ಕಾರ್ಡು ದಡಾರ ಬಂದವರ ಮುಖದ ಹಾಗೆ ತುಂಬತೊಡಗಿತು. ನಡುವೆ ಒಂದು ತಿಂಗಳು, ಮಳೆ ಹಿಡಿದು ಭಟ್ಟಿ ನಿಂತು, ಬಡೇಸಾಬರ ಕಡೆಯಿಂದ ದುಡ್ಡು ಬರುವುದು ತಡವಾಯಿತು. ತಾರೀಕು ತಪ್ಪಿದರೆ ತೂತುಗಳೆಲ್ಲ ಮುಚ್ಚಿಹೋಗುತ್ತವೆ ಎಂದು ಮೈಲಪ್ಪ ದಿನಕ್ಕೆ ನಾಲ್ಕು ಸಲ ತಾರೀಕು ಎಣಿಸಿದ. ಹಾಲಮ್ಮ ಸಾಸಿವೆ ಡಬ್ಬಿಯ ತಳದಲ್ಲಿದ್ದ ತನ್ನ ಗಂಟು ಬಿಚ್ಚಿ ಕೊಟ್ಟಳು. ಬಡೇಸಾಬರು ಬಿಸಿಲು ಬಿದ್ದ ವಾರವೇ ತೀರಿಸಿದರು, ಮೇಲೆ ಒಂದು ಚೀಲ ಮಂಡಕ್ಕಿಯನ್ನೂ ಕಳಿಸಿದರು. ಅಂತೂ ದೀಪಾವಳಿಗೆ ಮುಂಚೆ, ಒಂದು ಭಾನುವಾರ, ವಾಮದೇವಪ್ಪನವರು ಕೊನೆಯ ತೂತು ಒತ್ತಿ, ಕೈ ಕುಲುಕಿ, ಕುಕ್ಕರಿನ ಪೆಟ್ಟಿಗೆಯನ್ನು ಮೈಲಪ್ಪನ ತೋಳಿನಲ್ಲಿಟ್ಟರು.

ಹೊಸ ಪಾತ್ರೆ ಮನೆಗೆ ಖಾಲಿ ಬರಬಾರದು. ಹಾಲಮ್ಮ ಹೊಸ್ತಿಲ ಹೊರಗೇ ತಡೆದು, ಒಳಗೆ ಹಿಡಿ ಅಕ್ಕಿ, ಅಚ್ಚು ಬೆಲ್ಲ ಹಾಕಿ, ಅರಿಸಿನ ಕುಂಕುಮ ಹಚ್ಚಿದಳು. ಬಡೇಸಾಬರೇ ಕಾಯಿ ಒಡೆದರು. ಬೇಳೆ ಒಳಗೆ ಹೋಯಿತು, ಮುಚ್ಚಳ ಬಿತ್ತು, ಓಣಿಯೆಲ್ಲ ಅಡಿಗೆಮನೆಯ ಬಾಗಿಲಲ್ಲಿ ಕಿಕ್ಕಿರಿದು ನಿಂತಿತು. ಮೊದಲ ಸೀಟಿಗೆ ಕೋಳಿಗಳು ಗೋಡೆ ಹಾರಿದವು. ಮಿಲ್ಲಿನ ಕಾವಲುಗಾರ ನಿದ್ದೆಯಿಂದ ಎದ್ದು ಪಾಳಿ ಬದಲಾಯಿತೆಂದು ಟೋಪಿ ಹಾಕಿಕೊಂಡ. ಮುಚ್ಚಳ ತೆರೆದಾಗ ಒಳಗೆ ಬೇಳೆ ಇರಲಿಲ್ಲ, ಬಂಗಾರದ ಬಣ್ಣದ ಗಂಜಿ ಇತ್ತು. ಹಾಲಮ್ಮ ಸೌಟಿನಿಂದ ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು, ಸೆರಗಿನಿಂದ ಕಣ್ಣೊರಸಿಕೊಂಡಳು. ಸೋತಿದ್ದು ನೀರು, ಗೆದ್ದದ್ದು ತಾನು ಎಂಬುದಕ್ಕೆ ಓಣಿಯೇ ಸಾಕ್ಷಿಯಾಗಿತ್ತು.

ಸೋಮವಾರ ಮೈಲಪ್ಪ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಬಸ್ಸು ಹತ್ತಿದ. ಊಟದ ಬೆಂಚಿನ ಮೇಲೆ ಮುಚ್ಚಳ ತೆಗೆದು ಕೆಂಚಣ್ಣನ ಮೂಗಿನ ಕೆಳಗೆ ಹಿಡಿದ. ಕೆಂಚಣ್ಣ ರೊಟ್ಟಿಯ ತುದಿ ಅದ್ದಿ ನೋಡಿ, ಇನ್ನೊಂದು ತುಂಡು ಅದ್ದಿದ. ನೌಕರಿ ಖಾಯಂ ಆದ ದಿನವೂ ಮೈಲಪ್ಪನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಅದೇ ಮಧ್ಯಾಹ್ನ ಇತ್ತ ಓಬವ್ವ ಹಾಲಮ್ಮನ ಬಾಗಿಲಿಗೆ ಬಂದಳು. ಕೊಸರು ಕೊಡವ್ವಾ ಎಂದಳು.

ಸಂಜೆ ಮನೆಗೆ ಬಂದ ಮೈಲಪ್ಪನಿಗೆ ಒಲೆಯ ಕಟ್ಟೆ ಬರಿದಾಗಿ ಕಂಡಿತು. ವಿಚಾರಿಸಿದರೆ, ಓಣಿಯ ಹೆಂಗಸರು ಸೇರಿ ಪಾಳಿ ಮಾಡಿಕೊಂಡಿದ್ದಾರೆ. ಕಾರ್ಡು ತುಂಬಿಸಿದ ಆರು ಮನೆಗಳಿಗೆ ಒಂದೊಂದು ದಿನ, ಈ ಮಧ್ಯಾಹ್ನದಿಂದ ನಾಳೆ ಮಧ್ಯಾಹ್ನದವರೆಗೆ. ಏಳನೆಯ ದಿನ, ಅಂದರೆ ಭಾನುವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನದವರೆಗೆ, ಮೈಲಪ್ಪನ ಮನೆಗೆ.

"ನೀನು ಕೊಡಲ್ಲ ಅನ್ನಬೇಕಿಲ್ಲೇನೆ?"

"ಹೆಂಗೆ ಅನ್ಲಿ? ನಿಮ್ಮೆಲ್ಲಾರದು ಅಂತ ಜಗಲಿ ಮ್ಯಾಲೆ ನಿಂತು ಅಂದೋರು ಯಾರು? ನನ್ನ ಗಂಡ ಆಡಿದ ಮಾತು ಸುಳ್ಳು ಅಂತ ನಾನು ಹೇಳಬೇಕಾ? ಸೋಮವಾರದ ಡಬ್ಬಿ ಉಳಿಸ್ಕಂಡೀನಿ, ಅದೇ ಪುಣ್ಯ ಅನ್ರಿ."

ಕುಕ್ಕರು ಊರಾಡತೊಡಗಿತು. ಆದರೆ ಒಂದು ಮಾತು ಹೇಳಬೇಕು. ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಪ್ರತಿ ಮಧ್ಯಾಹ್ನ ಕುಕ್ಕರು ಬೆಳಗಿಕೊಂಡು, ಮುಂದಿನ ಪಾಳಿಗೆ ಹೋಗುವ ಮೊದಲು ಹಾಲಮ್ಮನ ಮನೆಗೆ ಬರುವಾಗ ಒಳಗೆ ಏನಾದರೂ ಒಂದು ಬಟ್ಟಲು ಇರುತ್ತಿತ್ತು. ಓಬವ್ವನ ಹುರುಳಿಕಟ್ಟಿನ ಸಾರು, ಬಡೇಸಾಬರ ಹೆಂಡತಿ ನಸೀಮಾಳ ದಾಲ್ಚಾ, ಟೈಲರ ಮನೆಯ ಅವರೆಕಾಳು. ಹಾಲಮ್ಮನ ಮಧ್ಯಾಹ್ನದ ಊಟ ದಿನಕ್ಕೊಂದು ರುಚಿಯಾಯಿತು, ಅವಳ ಕೆನ್ನೆ ತುಂಬಿಕೊಂಡವು. ಆ ಬಟ್ಟಲು ಒಬ್ಬರಿಗೆ ಸಾಕಾಗುವಷ್ಟೇ. ಆ ಹೊತ್ತಿಗೆ ಮೈಲಪ್ಪ ಹರಿಹರದಲ್ಲಿ, ತನ್ನ ಹೆಸರಿನ ಕುಕ್ಕರಿನಲ್ಲಿ ಓಣಿಯೆಲ್ಲ ಬೆಣ್ಣೆಯಂಥ ಬೇಳೆ ಉಣ್ಣುತ್ತಿರುವಾಗ, ವಾರದಲ್ಲಿ ಐದು ದಿನ ಹಳೆಯ ಬೇಳೆಯನ್ನು ದವಡೆಯಲ್ಲಿ ಅರೆಯುತ್ತಿದ್ದ. ಸೋಮವಾರ ಒಂದು ದಿನ ಮಾತ್ರ ರಾಜ. ಬೆಂಚಿನವರು ಅವನನ್ನು ಸೋಮವಾರದ ಸಾವ್ಕಾರ ಎಂದು ಕರೆಯತೊಡಗಿದರು.

ರುಚಿ ಕಂಡ ನಾಲಿಗೆ ಸುಮ್ಮನಿರುತ್ತದೆಯೇ? ಒಂದು ತಿಂಗಳು ಸಹಿಸಿದ ಮೇಲೆ ಮೈಲಪ್ಪ, ತನಗೆ ವಾರದ ನಡುವೆ ಇನ್ನೊಂದು ದಿನ ಬಿಟ್ಟುಕೊಡಬೇಕೆಂದು ಓಣಿಯನ್ನು ಕೇಳುವುದೆಂದು ನಿಶ್ಚಯಿಸಿದ. ಮಾತನ್ನು ಬಸ್ಸಿನಲ್ಲಿ ಹೋಗುತ್ತ ಬರುತ್ತ ಜೋಡಿಸಿಕೊಂಡ. ಮೃದುವಾಗಿ ಶುರು ಮಾಡುವುದು, ನಡುವೆ ತನ್ನ ಹಲ್ಲುನೋವನ್ನು ತರುವುದು, ಕಾರ್ಡು ಯಾರ ಹೆಸರಿನದೆಂಬುದನ್ನು ಕೊನೆಗೆ ಹಿಡಿಯುವುದು. ಒಂದು ಶನಿವಾರ ಸಂಜೆ ಹಾಲಮ್ಮನೇ ಅವನ ಅಂಗಿಯ ಕಾಲರು ಸರಿಮಾಡಿ, ಬಾಯಿ ಜ್ವಾಕಿ ಎಂದು ಕಳಿಸಿದಳು.

ಜಗಲಿಯ ಮೇಲೆ ಎಲ್ಲರೂ ಇದ್ದರು. ಮೈಲಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಓಬವ್ವ ಅವನ ಗದ್ದ ಮುಟ್ಟಿ ನಟಿಕೆ ಮುರಿದಳು. ಎಷ್ಟೋ ವರ್ಷದ ಮೇಲೆ ಹುರುಳಿಯನ್ನು ನುಂಗದೆ ಉಂಡೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು. ಬಡೇಸಾಬರು, ತಮ್ಮ ಪಾಳಿಯ ದಿನ ತಾಯಿ ಮೂರು ಹೊತ್ತೂ ಕೂತು ಉಣ್ಣುತ್ತಾರೆ, ಪ್ರತಿ ನಮಾಜಿನಲ್ಲೂ ಮೈಲಪ್ಪನ ಹೆಸರು ಹೇಳುತ್ತಾರೆ ಎಂದರು. ಮೃದುವಾಗಿ ಶುರು ಮಾಡಬೇಕೆಂದಿದ್ದ ಮಾತು ಮೃದುವಾಗಿಯೇ ಒಳಗೆ ಇಳಿದುಹೋಯಿತು. ಹಲ್ಲುನೋವನ್ನಾದರೂ ತರೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಕಂಬದ ಮರೆಯಲ್ಲಿ ಕೂತಿದ್ದ ಕಾಳವ್ವ ಮೆಲ್ಲಗೆ ಕೇಳಿದಳು.

"ನನ್ನ ಗಿರಾಕಿ ಎಲ್ಲಾ ನಿನ್ನ ಕಾರ್ಡಿಗೆ ಬಂದ್ವಲ್ಲಪ್ಪ. ಆರು ತಿಂಗಳು ನೊಣ ಹೊಡ್ಕಂತ ಕುಂತಿದ್ದೆ. ಆ ಕುಕ್ಕರ್ನಾಗೆ ನನ್ನ ಪಾಲು ಇಲ್ಲೇನು?"

ಕಾಳವ್ವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಓಣಿಯ ಕಣ್ಣುಗಳೆಲ್ಲ ಮೈಲಪ್ಪನ ಮೇಲೆ ನಿಂತವು. ಅವನು ಆರು ಮನೆಯ ಮುಖಗಳನ್ನೂ ಒಂದೊಂದಾಗಿ ನೋಡಿದ. ಯಾರಾದರೂ ಒಬ್ಬರು ತಮ್ಮ ದಿನ ಬಿಟ್ಟುಕೊಟ್ಟಾರೆಂದು ಕಾಯ್ದ. ಎಲ್ಲರೂ ಅವನನ್ನೇ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಅಷ್ಟು ಜನ ಅಷ್ಟು ಪ್ರೀತಿಯಿಂದ ನೋಡಿದರೆ ಮೈಲಪ್ಪನ ಬಾಯಿ ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ.

"ಯಾಕ ಇಲ್ಲ ಕಾಳವ್ವ? ನಮ್ಮ ಪಾಳಿ ಐತಲ್ಲ, ಅದನ್ನ ನೀನಿಟ್ಕ. ನಾವು ಇಬ್ಬರೇ ಇರೋರು, ನಮ್ಮದು ಹೆಂಗೋ ನಡಿಯುತ್ತೆ."

ಹಾಲಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕೇಳಿಸಿತೆಂದು ಅವನಿಗೆ ಗೊತ್ತಾದದ್ದು, ಅವಳು ಏನೂ ಅನ್ನದೆ ಒಳಗೆ ಹೋದದ್ದರಿಂದ. ಆ ರಾತ್ರಿ ಮುದ್ದೆ ಬಿತ್ತು, ಸಾರು ಬಿತ್ತು, ಮಾತು ಬೀಳಲಿಲ್ಲ. ಭಾನುವಾರ ಮಧ್ಯಾಹ್ನ ಕಾಳವ್ವ ಬಂದು ಕುಕ್ಕರು ಒಯ್ದಳು. ಹಾಲಮ್ಮ ನಗುನಗುತ್ತ ಕೊಟ್ಟಳು. ಆ ನಗು ನೋಡಿ ಮೈಲಪ್ಪ, ಪರವಾಗಿಲ್ಲ, ಹೆಂಡತಿಯದು ದೊಡ್ಡ ಮನಸ್ಸು ಎಂದುಕೊಂಡ. (ಮದುವೆಯಾಗಿ ಎರಡು ವರ್ಷವೂ ಆಗಿರದವರ ತಿಳುವಳಿಕೆ ಇಷ್ಟೇ ಇರುತ್ತದೆ.)

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಡಬ್ಬಿ ಚೀಲಕ್ಕಿಟ್ಟು ಕೊಟ್ಟಳು. ಯಾಕೋ ಹಗುರವೆನ್ನಿಸಿತು. ಬಾತಿಯ ತಗ್ಗಿನಲ್ಲಿ ಬಸ್ಸು ಹಾರಿ ಇಳಿದಾಗ ಒಳಗಿನಿಂದ ಸದ್ದೇ ಬರಲಿಲ್ಲ. ಅಂದರೆ ಬೇಳೆ ಬೆಂದಿದೆ, ಹಾಲಮ್ಮ ಹೇಗೋ ಸಾಧಿಸಿದ್ದಾಳೆ ಎಂದು ಅವನ ಎದೆ ಉಬ್ಬಿತು. ಮಧ್ಯಾಹ್ನ ಬೆಂಚಿನವರೆಲ್ಲ, ಬಂದ ನೋಡ್ರಪ್ಪ ಸೋಮವಾರದ ಸಾವ್ಕಾರ ಎಂದು ಜಾಗ ಬಿಟ್ಟುಕೊಟ್ಟು, ರೊಟ್ಟಿ ಮುರಿದು ಹಿಡಿದು ಕಾದರು. ಮೈಲಪ್ಪ ಠೀವಿಯಿಂದ ಮುಚ್ಚಳ ಒಂದಿಷ್ಟು ಎತ್ತಿದ. ಒಳಗೆ ಅವನ ಮುಖವೇ ಕಂಡಿತು. ಬೂದಿ ಹಾಕಿ ತಿಕ್ಕಿ ತೊಳೆದ, ಕನ್ನಡಿಯಂಥ, ಬರಿಯ ಡಬ್ಬಿ.

ಎತ್ತಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಮುಚ್ಚಿದ. ಏನಾಯಿತೆಂದು ಕೆಂಚಣ್ಣ ಕೇಳಿದ. ನಿಜ ಹೇಳಿದ್ದರೆ ಅರ್ಧ ರೊಟ್ಟಿಯಾದರೂ ಸಿಗುತ್ತಿತ್ತು. ಮೈಲಪ್ಪ ನಿಜ ಹೇಳುವ ಪೈಕಿಯವನೇ? ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದೇನೆ, ಇಂದು ಉಪವಾಸ, ಮರೆತೇ ಹೋಗಿತ್ತು ಎಂದ. ಬೆಂಚಿಗೆ ಭಕ್ತಿ ಬಂತು. ಕೆಂಚಣ್ಣ ತನ್ನ ಡಬ್ಬಿಯನ್ನು ಅವನ ಕಣ್ಣಿಗೆ ಬೀಳದಂತೆ ಆ ಕಡೆ ಸರಿಸಿಕೊಂಡ. ಇನ್ನೊಬ್ಬ ಶೇಂಗಾ ಕೊಡಲು ಬಂದಿದ್ದವನು, ಪಾಪ, ವ್ರತ ಕೆಡಿಸಬಾರದೆಂದು ಕೈ ಹಿಂದಕ್ಕೆ ತೆಗೆದುಕೊಂಡ. ಫೋರ್‌ಮನ್ನರು ಚಹಾ ಹಂಚುವವನಿಗೆ, ಇವತ್ತು ಮೈಲಪ್ಪನ ಹತ್ತಿರ ಹೋಗಬೇಡ ಎಂದು ತಾವಾಗಿಯೇ ಹೇಳಿದರು.

ಸಂಜೆ ಓಣಿಗೆ ಇಳಿದಾಗ ಮೈಲಪ್ಪನ ಹೊಟ್ಟೆ ಬೆನ್ನಿಗೆ ಅಂಟಿತ್ತು. ಹಾಲಮ್ಮ ಹೊಸ್ತಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಬಂದ ಗಂಡನ ಮುಖ ನೋಡಲಿಲ್ಲ, ಚೀಲ ನೋಡಿದಳು.

"ಡಬ್ಬಿ ತುಂಬೇತೇನ್ರಿ?"

ಅವನಿಗೆ ಅರ್ಥವಾಗಲಿಲ್ಲ.

"ಅಲ್ಲ, ನಮ್ಮ ಕುಕ್ಕರ್ ಖಾಲಿ ಹೋದ್ರೂ ದಿನಾ ತುಂಬ್ಕಂಡು ಬರುತ್ತಲ್ಲ. ನಮ್ಮದು ಹೆಂಗೋ ನಡಿಯುತ್ತೆ ಅಂತ ನೀವೇ ಅಂದ್ರಿ. ಹೆಂಗೆ ನಡಿಯುತ್ತೋ ನೋಡಾಣ ಅಂತ ಖಾಲಿ ಕಳಿಸಿದ್ದೆ. ಬೆಂಚಿನೋರು ಏನಾದ್ರೂ ಹಾಕಿದ್ರಾ?"

ಇಲ್ಲ ಕಣೇ, ಹಸಿದು ಸತ್ತೆ, ತಪ್ಪಾಯಿತು ಎಂದಿದ್ದರೆ ಅವಳು ಅಲ್ಲೇ ಕರಗುತ್ತಿದ್ದಳು. ಒಳಗೆ ಮುಚ್ಚಿಟ್ಟಿದ್ದ ರೊಟ್ಟಿ, ಎಣ್ಣೆಗಾಯಿ ಎಲ್ಲ ಹೊರಬರುತ್ತಿದ್ದವು. ಕಾಳವ್ವನ ಹತ್ತಿರ ಕೇಳಿ ಸೋಮವಾರವನ್ನು ವಾರ ಬಿಟ್ಟು ವಾರ ಮಾಡಿಕೊಳ್ಳೋಣವೆಂದು ಅವಳು ಮನಸ್ಸಿನಲ್ಲಿ ದಾರಿಯನ್ನೂ ಹುಡುಕಿಟ್ಟಿದ್ದಳು. ಹೆಂಡತಿಯ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಕಂಡಿತು. ಗೆದ್ದವರ ನಗು ಅದು. ಅದನ್ನು ನೋಡಿದ್ದೇ ತಡ, ಹಸಿದ ಹೊಟ್ಟೆಯನ್ನು ಹಿಂದಕ್ಕೆ ತಳ್ಳಿ ಬಾಯಿ ಮುಂದೆ ಬಂತು.

"ಹಾಕದೇ ಬಿಡ್ತಾರಾ? ನಾನಂದ್ರೆ ಬೆಂಚಿನೋರಿಗೆ ಪ್ರಾಣ. ಕೆಂಚಣ್ಣ ಬ್ಯಾಳೆಸಾರು ಹುಯ್ದ, ಬೆಣ್ಣೆ ಅಂದ್ರೆ ಬೆಣ್ಣೆ. ಇನ್ನೊಬ್ಬ ಬದನೆಕಾಯಿ ಹಾಕಿದ. ಫೋರ್‌ಮನ್ನರು ತಮ್ಮ ಕೈಯಾರೆ ಮೊಸರು ಬಡಿಸಿದ್ರು. ಮುಚ್ಚಳ ಹಾಕಾಕೆ ಬರಲಿಲ್ಲ, ಅಷ್ಟು. ತೇಗು ಇನ್ನೂ ನಿಂತಿಲ್ಲ ನೋಡು."

ಹಾಲಮ್ಮ ಸೊಪ್ಪಿನ ಮೊರ ಕೆಳಗಿಟ್ಟಳು. ಗಂಡನ ಒಣಗಿದ ತುಟಿಯನ್ನೊಮ್ಮೆ, ಒಳಸೇರಿದ ಹೊಟ್ಟೆಯನ್ನೊಮ್ಮೆ ಸಾವಕಾಶವಾಗಿ ನೋಡಿದಳು. ಆಮೇಲೆ ಎದ್ದು, ಚೀಲದಿಂದ ಡಬ್ಬಿ ತೆಗೆದು, ಗೂಡಿನೊಳಗೆ ಬೋರಲು ಹಾಕಿ ಬಂದಳು.

"ಒಳ್ಳೇದಾತು ಬಿಡ್ರಿ. ನಾಳೆಯಿಂದ ನಾಕು ಗಂಟೆಗೆ ಏಳೋ ತಾಪತ್ರಯ ತಪ್ಪಿತು. ಅಷ್ಟು ತೇಗು ಬರ್ತಾವೆ ಅಂದ್ರೆ ರಾತ್ರಿ ಊಟನೂ ಬ್ಯಾಡೇನೋ?"

"ಬ್ಯಾಡ," ಎಂದಿತು ಮೈಲಪ್ಪನ ಬಾಯಿ.